ಕೀಟಲೆ ಅಡಗಿದ್ದರೇ ಚೆಂದ

2018ರ ಡಿಸೆಂಬರ್ 25. ಆ್ಯಂಟ್ ಡಿಸೈನ್ ಲೈಬ್ರರಿ (ಬಟನ್‌ನಂಥ ಸಿದ್ಧ ಭಾಗಗಳ ಕೋಡಿನ ಕಣಜ) ಬಳಸಿ ಕಟ್ಟಿದ ಎಷ್ಟೋ ವೆಬ್‌ಸೈಟುಗಳ ಬಟನ್‌ಗಳ ನೆತ್ತಿ ಮೇಲೆ ಬೆಳಗಾಗುವಷ್ಟರಲ್ಲಿ ಹಿಮ ಕೂತಿತ್ತು. ಮೌಸ್ ಒಯ್ದರೆ ‘ಹೋ ಹೋ ಹೋ’ ಬೇರೆ. ಸೈಟಿನ ಒಡೆಯರಿಗೂ ಗೊತ್ತಿಲ್ಲ, ಕಟ್ಟಿಕೊಟ್ಟ ಡೆವಲಪರುಗಳಿಗೂ ಗೊತ್ತಿಲ್ಲ. ಲೈಬ್ರರಿ ಬರೆದವರು ತಿಂಗಳುಗಳ ಹಿಂದೆಯೇ ತಾರೀಕು ನೋಡುವ ಕೋಡನ್ನು ಒಳಗೆ ಸೇರಿಸಿ ಸುಮ್ಮನಿದ್ದರು. ನಕ್ಕವರು ಕೆಲವರು, ಮೇಲಿನವರಿಗೆ ಉತ್ತರ ಹೇಳಬೇಕಾದವರು ಹಲವರು.

2016ರ ಏಪ್ರಿಲ್ 1ರಂದು ಜಿಮೇಲ್ ಮಾಡಿದ್ದೂ ಇಂಥದ್ದೇ. ‘ಸೆಂಡ್’ ಪಕ್ಕದಲ್ಲೇ ‘ಮೈಕ್ ಡ್ರಾಪ್’ ಅನ್ನುವ ಇನ್ನೊಂದು ಬಟನ್. ಒತ್ತಿದರೆ ಮೇಲ್ ಜೊತೆ ತಮಾಷೆಯ ಚಿತ್ರ ಅಂಟಿಕೊಂಡು ಹೋಗುತ್ತಿತ್ತು, ಬರುವ ಉತ್ತರಗಳು ಕಣ್ಣಿಗೆ ಬೀಳುತ್ತಿರಲಿಲ್ಲ. ಗಡಿಬಿಡಿಯಲ್ಲಿ ಗಂಭೀರ ಪತ್ರಕ್ಕೆ ಅದನ್ನೇ ಒತ್ತಿದವರಿದ್ದರು. ಕೆಲವೇ ಗಂಟೆಗಳಲ್ಲಿ ಗೂಗಲ್ ಅದನ್ನು ಕಿತ್ತುಹಾಕಿತು.

ಇವೆರಡನ್ನೂ ‘ಈಸ್ಟರ್ ಎಗ್’ (ತಂತ್ರಾಂಶದೊಳಗೆ ಬಚ್ಚಿಟ್ಟ ಕೀಟಲೆ) ಎಂದು ಕರೆಯುವುದಕ್ಕೆ ನನ್ನ ತಕರಾರಿದೆ. ಆ ಹೆಸರು ಬಂದದ್ದೇ ಅಟಾರಿ ಕಂಪನಿಯ ‘ಅಡ್ವೆಂಚರ್’ ವಿಡಿಯೊ ಆಟದಿಂದ. ಆಟ ಬರೆದವರ ಹೆಸರನ್ನು ಕಂಪನಿ ಹಾಕುತ್ತಿರಲಿಲ್ಲ. ಅದನ್ನು ಬರೆದ ವಾರೆನ್ ರಾಬಿನೆಟ್ ತನ್ನ ಹೆಸರನ್ನು ಗುಪ್ತ ಕೋಣೆಯೊಂದರಲ್ಲಿ ಬಚ್ಚಿಟ್ಟ. ಅಲ್ಲಿಗೆ ಹೋಗಲು ಕಣ್ಣಿಗೆ ಸರಿಯಾಗಿ ಕಾಣದ ಒಂದು ಚುಕ್ಕಿಯನ್ನು ಹುಡುಕಿ ಹೊತ್ತೊಯ್ಯಬೇಕಿತ್ತು. ಹುಡುಕದವರಿಗೆ ಆಟ ಎಂದಿನಂತೆಯೇ. ಇಡೀ ಮರ್ಮ ಇರುವುದು ಅಲ್ಲೇ: ಕೀಟಲೆಯ ಖರ್ಚು ಅದನ್ನು ಕಾಣದವನ ತಲೆಗೆ ಬರಬಾರದು. ತಾನಾಗಿ ಬಂದು ಮೈಮೇಲೆ ಬಿದ್ದರೆ ಅದು ಕೀಟಲೆಯಲ್ಲ, ಕಾಟ.

ವೆಬ್‌ನಲ್ಲಿ ಎಲ್ಲರೂ ಮೊದಲು ಕೈಹಾಕುವುದು ಕೊನಾಮಿ ಕೋಡಿಗೆ, ಅಂದರೆ ಕೊನಾಮಿ ಕಂಪನಿಯ ಆಟಗಳ ಗುಪ್ತ ಕೀ ಸಾಲಿಗೆ. ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. 1986ರ ‘ಗ್ರೇಡಿಯಸ್’ ಆಟದಿಂದ ಬಂದ ಹತ್ತು ಒತ್ತುಗಳು. ಇಪ್ಪತ್ತು ಸಾಲಿನ ಕೆಲಸ, ಆದರೆ ಬಹಳ ಕಡೆ ಒಂದೇ ತಪ್ಪು ಕಾಣುತ್ತದೆ. ಒಂದು ಎಣಿಕೆ ಇಟ್ಟುಕೊಂಡು, ಸರಿಯಾದ ಕೀ ಬಿದ್ದರೆ ಒಂದು ಕೂಡಿಸಿ, ತಪ್ಪಿದರೆ ಸೊನ್ನೆಗೆ ತಳ್ಳುತ್ತಾರೆ. ಈಗ ಯಾರಾದರೂ ‘ಮೇಲೆ’ಯನ್ನು ಮೂರು ಸಲ ಒತ್ತಿ ಮುಂದುವರಿದರು ಅನ್ನಿ. ಕೊನೆಯ ಹತ್ತು ಒತ್ತು ಸರಿಯಾಗಿಯೇ ಇರುತ್ತವೆ, ಆದರೆ ಮೂರನೆಯ ಒತ್ತಿಗೆ ಎಣಿಕೆ ಸೊನ್ನೆಯಾಗಿ ಹೋಗಿರುತ್ತದೆ, ಏನೂ ಆಗುವುದಿಲ್ಲ. ಎಣಿಕೆ ಬಿಡಿ. ಕೊನೆಯ ಹತ್ತು ಕೀಗಳನ್ನು ಒಂದು ಅರೇಯಲ್ಲಿ (ಪಟ್ಟಿಯಲ್ಲಿ) ಇಟ್ಟುಕೊಳ್ಳಿ, ಹನ್ನೊಂದನೆಯದು ಬಂದಾಗ ಮೊದಲಿನದನ್ನು ಬಿಸಾಕಿ, ಪ್ರತಿ ಸಲವೂ ಇಡೀ ಸಾಲನ್ನು ಹೋಲಿಸಿ.

ಇನ್ನೊಂದು ಎಡವಟ್ಟು, ಒತ್ತಿದ ಕೀಯಿಂದ ಮೂಡುವ ಅಕ್ಷರವನ್ನು ಹೇಳುವ ‘ಈವೆಂಟ್.ಕೀ’ ನಂಬುವುದು. ಕ್ಯಾಪ್ಸ್ ಲಾಕ್ ಇದ್ದರೆ ಸಣ್ಣ ಬಿ ಬದಲು ದೊಡ್ಡ ಬಿ ಬರುತ್ತದೆ. ಕೀಬೋರ್ಡ್ ಬೇರೆ ಲಿಪಿಯಲ್ಲಿದ್ದರೆ ಬಿ ಬರುವುದೇ ಇಲ್ಲ. ‘ಈವೆಂಟ್.ಕೋಡ್’ ಕೀಲಿಯ ಜಾಗವನ್ನು ಹೇಳುತ್ತದೆ, ಭಾಷೆ ಬದಲಾದರೂ ಕೆಡುವುದಿಲ್ಲ. (ಅಕ್ಷರಗಳ ಜಾಗವೇ ಬೇರೆಯಾದ ಡ್ವೊರಾಕ್ ಕೀಬೋರ್ಡ್ ಬಳಸುವವರಿಗೆ ಮಾತ್ರ ಅನ್ಯಾಯ. ಅವರಿಗೆ ಅದು ಅಭ್ಯಾಸವಾಗಿರುತ್ತದೆ.) ಫಾರಂ ತುಂಬುತ್ತಿರುವಾಗ, ಅಂದರೆ ಕರ್ಸರ್ ಇನ್‌ಪುಟ್ ಅಥವಾ ಟೆಕ್ಸ್ಟ್ ಏರಿಯಾದಲ್ಲಿ ಇರುವಾಗ, ಕೀಗಳನ್ನು ಕಿವಿಗೇ ಹಾಕಿಕೊಳ್ಳಬೇಡಿ. ಬಾಣದ ಕೀಗಳ ಸ್ಕ್ರೋಲನ್ನೂ ತಡೆಯಬೇಡಿ. ತಡೆದ ಕ್ಷಣವೇ ಗುಟ್ಟು ರಟ್ಟು, ಪುಟವೂ ಕೆಟ್ಟಿತು. ಫೋನಿನಲ್ಲಿ ಬಾಣದ ಕೀಗಳೇ ಇಲ್ಲ, ಅಲ್ಲಿ ಲೋಗೊವನ್ನು ಏಳು ಸಲ ತಟ್ಟುವ ಉಪಾಯ ಸಾಕು. ಆದರೆ ಲೋಗೊ ಮುಖಪುಟದ ಲಿಂಕ್ ಆಗಿದ್ದರೆ ಮೊದಲ ತಟ್ಟಿಗೇ ಪುಟ ಬದಲಾಗುತ್ತದೆ. ಬೇರೆ ಚಿತ್ರ ನೋಡಿಕೊಳ್ಳಿ.

ಗೂಗಲ್‌ನಲ್ಲಿ ‘ಡೂ ಎ ಬ್ಯಾರೆಲ್ ರೋಲ್’ ಎಂದು ಹುಡುಕಿದರೆ ಪುಟ ಒಂದು ಸುತ್ತು ಉರುಳುತ್ತದಲ್ಲ, 2011ರಿಂದ ಇರುವ ಆಟ. ಅದನ್ನು ನೋಡಿ ಪುಟದ ‘ಬಾಡಿ’ ಟ್ಯಾಗಿಗೆ 360 ಡಿಗ್ರಿ ರೊಟೇಟ್ ಕೊಡುವವರು ಬಹಳ. ಚಿಕ್ಕ ಪುಟದಲ್ಲಿ ಸರಿ. ಪುಟ 8000 ಪಿಕ್ಸೆಲ್ ಉದ್ದವಿದ್ದರೆ ತಿರುಗುವ ಕೇಂದ್ರ 4000ದಲ್ಲಿರುತ್ತದೆ. ನೀವು ಮೇಲ್ತುದಿಯಲ್ಲಿದ್ದರೆ ಪುಟ ಉರುಳುವುದಿಲ್ಲ, ಹಾರಿಹೋಗುತ್ತದೆ. ತಿರುಗಿಸುವ ಮುಂಚೆ, ಆ ಕೇಂದ್ರವನ್ನು ಗೊತ್ತುಮಾಡುವ ಟ್ರಾನ್ಸ್‌ಫಾರ್ಮ್ ಆರಿಜಿನ್‌ನ ಲಂಬ ಅಳತೆಗೆ, ಸ್ಕ್ರೋಲ್ ಆದಷ್ಟು ದೂರಕ್ಕೆ ಪರದೆಯ ಅರ್ಧ ಎತ್ತರ ಕೂಡಿಸಿ ಕೊಡಿ. ಇಷ್ಟಾದ ಮೇಲೂ ತಲೆಯಲ್ಲಿ ಅಂಟಿಸಿಟ್ಟ ಮೆನು ಜಾಗ ಬಿಟ್ಟು ಓಡುತ್ತದೆ. ಟ್ರಾನ್ಸ್‌ಫಾರ್ಮ್ (ತಿರುಗಿಸುವಂಥ ಮಾರ್ಪಾಡು) ಬಿದ್ದ ಕೂಡಲೇ ಹೀಗೆ ಅಂಟಿಸಿಟ್ಟ ‘ಫಿಕ್ಸೆಡ್’ ಅಂಶಗಳು ಪರದೆಯನ್ನು ಬಿಟ್ಟು ಆ ಪೆಟ್ಟಿಗೆಯನ್ನೇ ಆಧಾರ ಮಾಡಿಕೊಳ್ಳುತ್ತವೆ. ಮೆನುವನ್ನು ಹೊರಗಿಟ್ಟು, ಒಳಗಿನ ಡಿವ್ (ಪುಟದೊಳಗಿನ ಪೆಟ್ಟಿಗೆ) ಒಂದನ್ನೇ ತಿರುಗಿಸಿ. ಆಗ ಲಂಬ ಅಳತೆಯನ್ನು ಆ ಡಿವ್‌ನ ಮೇಲ್ತುದಿಯಿಂದ ಲೆಕ್ಕ ಹಾಕಿ. ಸುತ್ತು ಮುಗಿದ ಮೇಲೆ ತಿರುಗಿಸಲು ಹಚ್ಚಿದ ಕ್ಲಾಸ್ ತೆಗೆಯಲು ಮರೆತರೆ ಎರಡನೆಯ ಸಲ ತಿರುಗುವುದೇ ಇಲ್ಲ. ಇನ್ನು ‘ಪ್ರಿಫರ್ಸ್ ರೆಡ್ಯೂಸ್ಡ್ ಮೋಶನ್’ (ಚಲನೆ ಕಡಿಮೆ ಇರಲಿ ಎನ್ನುವ ಸೆಟ್ಟಿಂಗ್) ನೋಡದೆ ಏನನ್ನೂ ತಿರುಗಿಸಬೇಡಿ. ತಲೆಸುತ್ತಿನ ತೊಂದರೆ ಇರುವವರು ಆ ಸೆಟ್ಟಿಂಗನ್ನು ಸುಮ್ಮನೆ ಹಾಕಿಕೊಂಡಿರುವುದಿಲ್ಲ.

ಬ್ರೌಸರಿನಲ್ಲಿ ಡೆವಲಪರುಗಳು ನೋಡುವ ಕನ್ಸೋಲ್‌ನಲ್ಲಿ ಅಕ್ಷರಚಿತ್ರ ಬರೆದಿಡುವುದು ಸಲೀಸು, ನೋಡುವವರೂ ಸಮಾನಧರ್ಮರೇ. ಅದು ಲೈವ್ ಸೈಟಿನಲ್ಲಿ ಮಾಯವಾದರೆ, ಕೋಡನ್ನು ಕುಗ್ಗಿಸುವ ಸಾಧನವಾದ ಟರ್ಸರ್‌ನ ‘ಡ್ರಾಪ್ ಕನ್ಸೋಲ್’ ಆನ್ ಆಗಿದೆಯೇ ನೋಡಿ. ಚಿತ್ರ ಸೊಟ್ಟಗಾದರೆ ಬ್ಯಾಕ್‌ಸ್ಲ್ಯಾಷ್‌ಗಳದೇ ಕಿತಾಪತಿ; ಅವನ್ನು ಇದ್ದಂತೆಯೇ ಬಿಡುವ ‘ಸ್ಟ್ರಿಂಗ್.ರಾ’ ಬಳಸಿ. ಹುಡುಕುಯಂತ್ರಗಳ ಬಾಟ್‌ಗಳಿಗೆ ಸೂಚನೆ ಕೊಡುವ ರೋಬೋಟ್ಸ್ ಫೈಲಿನಲ್ಲಿ ಹ್ಯಾಷ್ ಚಿಹ್ನೆ ಹಾಕಿದ ಮೇಲೆ ಏನು ಬೇಕಾದರೂ ಗೀಚಿ, ಬಾಟ್‌ಗಳು ಓದುವುದಿಲ್ಲ. ಗುಟ್ಟಿನ ಪುಟದ ವಿಳಾಸವನ್ನು ಮಾತ್ರ ‘ಡಿಸ್‌ಅಲೌ’ ಎಂದು ಅಲ್ಲಿ ಬರೆಯಬೇಡಿ, ಆ ಫೈಲನ್ನು ಯಾರು ಬೇಕಾದರೂ ಓದಬಹುದು, ಅದು ಗುಟ್ಟನ್ನು ಡಂಗುರ ಸಾರಿದಂತೆ. 404 (‘ಪುಟ ಸಿಗಲಿಲ್ಲ’) ಪುಟದಲ್ಲಿ ಎಷ್ಟು ಆಟವಾಡಿದರೂ ಸರ್ವರ್ 404 ಅಂತಲೇ ಹೇಳಲಿ, ‘ಎಲ್ಲ ಸರಿ’ ಎನ್ನುವ 200 ಅಲ್ಲ. ಹಿಂದಿರುಗುವ ಲಿಂಕೂ ಇರಲಿ. 418 ಬಳಸುವ ಆಸೆ ಆಗುತ್ತದೆ, ನನಗೆ ಗೊತ್ತು. ‘ನಾನೊಂದು ಟೀಪಾಟ್’ ಎನ್ನುವ ಆ ಸಂಖ್ಯೆ 1998ರ ಏಪ್ರಿಲ್ 1ರ ಆರ್‌ಎಫ್‌ಸಿ 2324 ಎಂಬ ಇಂಟರ್ನೆಟ್ ನಿಯಮಪತ್ರದ ತಮಾಷೆ. ಬೇರೆ ವಿಳಾಸದಲ್ಲಿ ಇಡಿ, ನಿಜವಾದ ದೋಷಕ್ಕೆ ಕೊಡಬೇಡಿ.

ಆಟದ ಭಾರವನ್ನು ಎಲ್ಲರ ಮೇಲೂ ಹೇರಬೇಡಿ. ಕೀ ಕೇಳಿಸಿಕೊಳ್ಳುವ ತುಣುಕು ಒಂದು ಕೆಬಿಯೂ ಆಗದು. ಚಿತ್ರ, ಸದ್ದು, ಅನಿಮೇಶನ್ ಎಲ್ಲವನ್ನೂ ಗುಟ್ಟು ಬಿಚ್ಚಿದ ಮೇಲೆ ಡೈನಮಿಕ್ ಇಂಪೋರ್ಟ್‌ನಲ್ಲಿ, ಅಂದರೆ ಬೇಕಾದಾಗ ಮಾತ್ರ, ತರಿಸಿ.

ಬಳಕೆದಾರರಿಂದ ಬಚ್ಚಿಡಿ, ಜೊತೆ ಕೆಲಸದವರಿಂದ ಬಚ್ಚಿಡಬೇಡಿ. ಕೋಡ್ ರಿವ್ಯೂನಲ್ಲಿ ಹಾದುಬರಲಿ, ಪ್ರಾಜೆಕ್ಟಿನ ರೀಡ್‌ಮಿ ಕಡತದಲ್ಲಿ ಒಂದು ಸಾಲಿರಲಿ, ಆಫ್ ಮಾಡಲು ಒಂದು ಫ್ಲ್ಯಾಗ್ (ಸ್ವಿಚ್) ಇರಲಿ. 2014ರಲ್ಲಿ ಬಂದ ಕ್ರೋಮ್ ಬ್ರೌಸರಿನ ಡೈನೋಸಾರ್ ಆಟ ನನಗೆ ಅಚ್ಚುಮೆಚ್ಚು: ನೆಟ್ ಇಲ್ಲದೆ ಬೇರೆ ಕೆಲಸವೇ ಸಾಗದ ಹೊತ್ತಿಗೆ ಸರಿಯಾಗಿ ಬರುತ್ತದೆ, ಸ್ಪೇಸ್ ಒತ್ತುವ ತನಕ ತೆಪ್ಪಗೆ ನಿಂತಿರುತ್ತದೆ. ಅಂಥ ಸಾಧುಪ್ರಾಣಿಗೂ, ಶಾಲೆ ಕಚೇರಿಗಳ ಅಡ್ಮಿನ್‌ಗಳು ಆಫ್ ಮಾಡಿಡಲಿ ಅಂತ ಗೂಗಲ್ ಒಂದು ಪಾಲಿಸಿ ಇಟ್ಟಿದೆ.