ಇಂಗ್ಲಿಷ್ ಬರುತ್ತದೆ ಎಂಬ ಒಂದೇ ಧೈರ್ಯದ ಮೇಲೆ

ನಿನ್ನೆ ಸಂಜೆ ಅಣ್ಣನ ಸಂಸಾರವನ್ನು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಬೀಳ್ಕೊಟ್ಟು ಬಂದು, ಅವರು ಮಲಗುತ್ತಿದ್ದ ಕೋಣೆಯನ್ನು ಗುಡಿಸುವಾಗ ಮಂಚದ ಕೆಳಗೆ ಅತ್ತಿಗೆಯವರ ಹೇರ್ ಡ್ರೈಯರ್ ಸಿಕ್ಕಿತು. ಅದರ ಮೂತಿ ಸೊಟ್ಟಗಾಗಿ ಕರಗಿದೆ, ಒಳಗಿನ ತಂತಿ ಕಪ್ಪಾಗಿದೆ, ಹತ್ತು ದಿನವಾದರೂ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಹೋಗಿಲ್ಲ. ಅದನ್ನು ಮೇಜಿನ ಮೇಲೆ ಎದುರಿಗೇ ಇಟ್ಟುಕೊಂಡು, ಈ ಹತ್ತು ದಿನ ನಗುಮುಖದ ಹಿಂದೆ ನುಂಗಿಕೊಂಡಿದ್ದ ಮಾತುಗಳನ್ನೆಲ್ಲ ಬರೆದುಬಿಡಲು ಕುಳಿತಿದ್ದೇನೆ. ಅಣ್ಣ ಫೇಸ್‌ಬುಕ್ ನೋಡುವುದಿಲ್ಲ. ಅತ್ತಿಗೆ ನೋಡುತ್ತಾರೆ, ನೋಡಲಿ.

ನ್ಯೂಜೆರ್ಸಿಯ ಅಣ್ಣ ಯಾರೆಂದು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ದೊಡ್ಡಪ್ಪನ ಮಗ, ಸರಸ್ವತಿಪುರಂನ ಮನೆಯಲ್ಲಿ ನನ್ನ ಜೊತೆಯೇ ಬೆಳೆದವನು, ಈಗ ಅಮೆರಿಕದ ಪೌರ. ಇದೇ ಅಣ್ಣ ಎರಡು ವರ್ಷದ ಹಿಂದೆ ಜಪಾನಿಗೆ ಹೊರಟಾಗ ನಾಲ್ಕು ತಿಂಗಳು ತಯಾರಿ ನಡೆಸಿದ್ದ. ಮಕ್ಕಳಿಗೆ ತಲೆಬಾಗಿ ವಂದಿಸುವುದನ್ನು ಕಲಿಸಿದ್ದ, ಅಲ್ಲಿ ಟಿಪ್ಸ್ ಕೊಡಬಾರದು, ರೈಲಿನಲ್ಲಿ ಫೋನಿನಲ್ಲಿ ಮಾತನಾಡಬಾರದು ಎಂದೆಲ್ಲ ನನಗೂ ಪಾಠ ಹೇಳಿದ್ದ. ಬ್ರಿಟನ್ನಿಗೆ ಹೊರಡುವಾಗ ಎಷ್ಟು ತಯಾರಿ ನಡೆಸಿದ್ದೀಯ ಎಂದು ಕೇಳಿದರೆ ಬಂದ ಉತ್ತರ, ‘ಇಂಗ್ಲಿಷ್ ದೇಶ ತಾನೇ, ಅದಕ್ಕೇನು ತಯಾರಿ?’ ಎಂದು. ನನ್ನ ಸಿಟ್ಟೆಲ್ಲ ಈ ‘ಇಂಗ್ಲಿಷ್ ದೇಶ ತಾನೇ’ ಎಂಬುದರ ಮೇಲೆ. ಹದಿನೆಂಟು ವರ್ಷ ಇಲ್ಲಿ ಇಂಗ್ಲೆಂಡಿನ ರೆಡಿಂಗ್ ಎಂಬ ಊರಿನಲ್ಲಿದ್ದು ಅಮೆರಿಕದಿಂದ ಬಂದ ಎಷ್ಟೋ ನೆಂಟರನ್ನು ಸುತ್ತಾಡಿಸಿದ್ದೇನೆ. ಒಬ್ಬರಾದರೂ ಈ ಭ್ರಮೆಯಿಲ್ಲದೆ ವಿಮಾನವಿಳಿದದ್ದನ್ನು ಕಾಣೆ. ಕನ್ನಡ ಬರುತ್ತದೆ ಎಂಬ ಧೈರ್ಯದ ಮೇಲೆ ಮಂಗಳೂರಿನ ಹೋಟೆಲಿನಲ್ಲಿ ಬನ್ಸ್ ಹೇಳಿ, ಬೇಕರಿಯ ಬನ್ ಬರಲಿಲ್ಲವೆಂದು ಜಗಳ ತೆಗೆದ ಬೆಂಗಳೂರಿನವನ ಹಾಗೆ, ಇವರೂ ಮಾತು ಒಂದಾದರೆ ಬದುಕೂ ಒಂದೇ ಎಂದುಕೊಂಡಿರುತ್ತಾರೆ.

ಮೊದಲ ಎಡವಟ್ಟು ಅವರು ಅಲ್ಲಿಂದ ಹೊರಡುವ ಮುಂಚೆಯೇ ಆಯಿತು. ಏಕೋ ಅನುಮಾನ ಬಂದು ಮೂರು ದಿನ ಮೊದಲು ಫೋನು ಮಾಡಿ ಇಟಿಎ ಮಾಡಿಸಿದೆಯಾ ಎಂದೆ. ‘ಅದ್ಯಾವುದು? ನಮಗೂ ವೀಸಾನಾ? ನಾವು ಅಮೆರಿಕನ್ಸ್ ಕಣೇ!’ ಎಂದ. 2025ರ ಜನವರಿ 8ರಿಂದ ಅಮೆರಿಕದ ಪಾಸ್‌ಪೋರ್ಟ್ ಇರುವವರೂ ಬ್ರಿಟನ್ನಿಗೆ ಬರುವ ಮುನ್ನ ಈ ಅನುಮತಿ ಪಡೆದಿರಬೇಕು, ಕಂಕುಳ ಕೂಸಿಗೂ ಪ್ರತ್ಯೇಕವಾಗಿ ಬೇಕು, ಇಲ್ಲದಿದ್ದರೆ ವಿಮಾನ ಹತ್ತಿಸಿಕೊಳ್ಳುವುದಿಲ್ಲ. ಶುಲ್ಕ ಮೊದಲು 10 ಪೌಂಡ್ ಇತ್ತು, ಅದೇ ವರ್ಷದ ಏಪ್ರಿಲ್‌ನಲ್ಲಿ 16 ಆಗಿ, ಇವರು ಕಟ್ಟುವಾಗಲೂ ಅಷ್ಟೇ ಇತ್ತು. ಒಮ್ಮೆ ಪಡೆದರೆ ಎರಡು ವರ್ಷ ನಡೆಯುತ್ತದೆ. ಸರ್ಕಾರದ ಆ್ಯಪ್‌ನಲ್ಲೋ ಜಾಲತಾಣದಲ್ಲೋ ಮಾತ್ರ ಮಾಡಿಸಬೇಕು, ಏಕೆಂದರೆ ಅದೇ ಕೆಲಸಕ್ಕೆ ಮೂರು ಪಟ್ಟು ಕೀಳುವ ಮಧ್ಯವರ್ತಿಗಳಿಗೆ ಅಂತರ್ಜಾಲದಲ್ಲಿ ಬರವಿಲ್ಲ. ನಾಲ್ವರಿಗೆ ಸೇರಿ 64 ಪೌಂಡ್ ಕಟ್ಟುವಾಗ ಅವನು ಗೊಣಗಿದ್ದನ್ನು ಕೇಳಬೇಕಿತ್ತು. ನನ್ನ ಅಮ್ಮ ಇಲ್ಲಿಗೆ ಬರಬೇಕಾದರೆ ಬೆರಳಚ್ಚು ಕೊಟ್ಟು, ಬ್ಯಾಂಕಿನ ಲೆಕ್ಕ ತೋರಿಸಿ, ಮೈಸೂರಿಗೆ ಮರಳಿಯೇ ಮರಳುತ್ತೇನೆಂದು ಅಧಿಕಾರಿಗೆ ನಂಬಿಕೆ ಹುಟ್ಟಿಸಿ, ವಾರಗಟ್ಟಲೆ ಕಾಯಬೇಕು. ಅಮ್ಮನ ಕೈಯಲ್ಲಿರುವಂಥ ಭಾರತದ ಪಾಸ್‌ಪೋರ್ಟನ್ನು ಇವನೂ ಒಂದು ಕಾಲದಲ್ಲಿ ಹಿಡಿದು ಓಡಾಡಿದವನೇ. ಇರಲಿ.

ಬಂದ ಮೊದಲ ಬೆಳಿಗ್ಗೆ ಅಣ್ಣ ಫೋನನ್ನು ಹಿಡಿದುಕೊಂಡು ಕೆಳಗೆ ಬಂದು, ‘ನಿಮ್ಮನೆ ಪ್ಲಗ್ ಪಾಯಿಂಟ್ ಕೆಟ್ಟಿದೆ ಕಣೇ, ರಾತ್ರಿಯೆಲ್ಲಾ ಹಾಕಿದ್ರೂ ಚಾರ್ಜೇ ಆಗಿಲ್ಲ’ ಎಂದ. ನಾನು ಮಾತನಾಡದೆ ಮೇಲೆ ಹೋಗಿ, ಸಾಕೆಟ್ಟಿನ ಪಕ್ಕದಲ್ಲಿರುವ ಸ್ವಿಚ್ಚನ್ನು ಒತ್ತಿ ಬಂದೆ. ಅಮೆರಿಕದ ಸಾಕೆಟ್ಟುಗಳಿಗೆ ಸ್ವಿಚ್ಚಿಲ್ಲ, ಒಪ್ಪುತ್ತೇನೆ; ಆದರೆ ಸ್ವಿಚ್ಚು ಹಾಕದೆ ರೇಡಿಯೋ ಹಾಡುವುದಿಲ್ಲವೆಂದು ಐದು ವರ್ಷದವಳಾಗಿದ್ದ ನನಗೆ ಹೇಳಿಕೊಟ್ಟವನೇ ಇವನು. ನಾನು ಇನ್ನೂ ಮೆಟ್ಟಿಲು ಇಳಿಯುತ್ತಿರುವಾಗಲೇ ಪಕ್ಕದ ಕೋಣೆಯಿಂದ ‘ಢಬ್’ ಎಂಬ ಸದ್ದು, ಅದರ ಹಿಂದೆ ಅತ್ತಿಗೆಯವರ ಕೂಗು. ಇಲ್ಲಿಯ ವಿದ್ಯುತ್ತು ನಮ್ಮೂರಿನಂತೆ 230 ವೋಲ್ಟ್, ಅವರದು 120. ಅಂಗಡಿಯಲ್ಲಿ ಕೊಂಡು ತರುವ ಅಡಾಪ್ಟರ್ ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜನ್ನಲ್ಲ. ಫೋನು, ಲ್ಯಾಪ್‌ಟಾಪ್‌ಗಳ ಚಾರ್ಜರಿನ ಮೇಲೆ 100ರಿಂದ 240 ವೋಲ್ಟ್ ಎಂದು ಸಣ್ಣಕ್ಷರಗಳಲ್ಲಿ ಬರೆದಿರುತ್ತದೆ, ಅವುಗಳಿಗೆ ಅಪಾಯವಿಲ್ಲ. ಆದರೆ 120ಕ್ಕೆಂದೇ ಮಾಡಿದ ಹೇರ್ ಡ್ರೈಯರನ್ನು ಇಲ್ಲಿ ಸಿಕ್ಕಿಸಿದರೆ ಅದರ ಸುರುಳಿಯಲ್ಲಿ ನಾಲ್ಕು ಪಟ್ಟಿಗೆ ಹತ್ತಿರದ ಶಾಖ ಹುಟ್ಟುತ್ತದೆ. ಅಣ್ಣ ಎಲೆಕ್ಟ್ರಿಕಲ್ ಎಂಜಿನಿಯರ್ ಎಂಬುದನ್ನು ಇಲ್ಲಿ ಹೇಳಬಾರದೆಂದುಕೊಂಡಿದ್ದೆ, ಆದರೆ ಹೇಳದೆ ಇರಲಾಗುತ್ತಿಲ್ಲ.

ಎಡಿನ್‌ಬರಾದ ಕಥೆ ಇನ್ನೂ ಸೊಗಸಾಗಿದೆ. ಅಲ್ಲಿಯ ಒಂದು ಸಣ್ಣ ವಸತಿಗೃಹದ ಒಡತಿಗೆ ಅಣ್ಣ ಇಮೇಲ್ ಬರೆದು ‘07/09ರಿಂದ 07/11ರ ತನಕ ಕೋಣೆ ಬೇಕು’ ಎಂದು ಕೇಳಿದ್ದಾನೆ. ಅವನ ಮನಸ್ಸಿನಲ್ಲಿದ್ದದ್ದು ಜುಲೈ 9ರಿಂದ 11, ಎರಡು ರಾತ್ರಿ. ಇಲ್ಲಿಯವರು ನಮ್ಮಂತೆಯೇ ಮೊದಲು ದಿನ, ಆಮೇಲೆ ತಿಂಗಳು ಬರೆಯುವವರು. ಆಕೆ ಓದಿಕೊಂಡದ್ದು ಸೆಪ್ಟೆಂಬರ್ 7ರಿಂದ ನವೆಂಬರ್ 7. ಎರಡು ತಿಂಗಳು ಇಡೀ ಕುಟುಂಬ ಇಲ್ಲಿಯೇ ನೆಲೆಸುವಿರಾದರೆ ಬಾಡಿಗೆಯಲ್ಲಿ ರಿಯಾಯಿತಿ ಕೊಡುತ್ತೇನೆಂದು ಆಕೆ ಬಹಳ ಸೌಜನ್ಯದಿಂದ ಉತ್ತರಿಸಿದ್ದಾಳೆ. ತಿಂಗಳನ್ನು ಅಕ್ಷರಗಳಲ್ಲಿ ಬರೆದಿದ್ದರೆ ಆಗುತ್ತಿತ್ತು. ಇಷ್ಟೆಲ್ಲ ಆದಮೇಲೂ ಆ ಮಹಾತಾಯಿ ಹೇಗೋ ಹೊಂದಿಸಿ ಕೋಣೆ ಕೊಟ್ಟರೆ, ಇವನು ಹೊರಡುವಾಗ ‘ನಿಮ್ಮ ಇಂಗ್ಲೆಂಡ್ ತುಂಬಾ ಚೆನ್ನಾಗಿದೆ’ ಎಂದು ಹೊಗಳಿ ಬಂದಿದ್ದಾನೆ. ಸ್ಕಾಟ್‌ಲೆಂಡಿನಲ್ಲಿ ನಿಂತು, ಸ್ಕಾಟ್‌ಲೆಂಡಿನ ಹೆಂಗಸಿಗೆ! ದೆಹಲಿಯಲ್ಲಿ ಕೆಲಸ ಮಾಡುವಾಗ ತನ್ನನ್ನು ಮದ್ರಾಸಿ ಎಂದವನ ಜೊತೆ ಕೈಕೈ ಮಿಲಾಯಿಸಲು ಹೋಗಿದ್ದವನು ಇವನೇ.

ಆ ಎಡಿನ್‌ಬರಾಕ್ಕೆ ಹೋದದ್ದಾದರೂ ಸುಸೂತ್ರವಾಗಿ ಹೋದರೇ? ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ನಾಲ್ಕೂವರೆ ಗಂಟೆಯ ಆಸುಪಾಸಿನ ರೈಲು ಪ್ರಯಾಣ. ವಾರಗಳ ಮುಂಚೆಯೇ ನಾನು ಕೂತು ಅಗ್ಗದ ಅಡ್ವಾನ್ಸ್ ಟಿಕೆಟ್‌ಗಳನ್ನು ತೆಗೆದಿಟ್ಟು, ಇವು ಈ ಒಂದು ರೈಲಿಗೆ ಮಾತ್ರ ನಡೆಯುತ್ತವೆ, ತಪ್ಪಿದರೆ ಕಾಗದದ ಚೂರಿಗೆ ಸಮ ಎಂದು ಎರಡು ಸಲ ಹೇಳಿದ್ದೆ. ಅವರು ನಿಲ್ದಾಣವನ್ನು ಅರ್ಧ ಗಂಟೆ ಮುಂಚೆಯೇ ತಲುಪಿದ್ದರು. ಅಲ್ಲಿ ಹ್ಯಾರಿ ಪಾಟರ್ ಕಥೆಯ ನೆನಪಿಗೆಂದು ಗೋಡೆಯೊಳಗೆ ಅರ್ಧ ಹುದುಗಿಸಿರುವ ತಳ್ಳುಗಾಡಿಯೊಂದರ ಮುಂದೆ ಫೋಟೋ ತೆಗೆಸಿಕೊಳ್ಳಲು ಮಕ್ಕಳು ಸಾಲಿನಲ್ಲಿ ನಿಂತರು, ಸಾಲು ಕರಗಲಿಲ್ಲ, ರೈಲು ಹೊರಟುಹೋಯಿತು. ಅದೇ ದಿನ ಕಿಟಕಿಯಲ್ಲಿ ಕೊಂಡ ನಾಲ್ಕು ಹೊಸ ಟಿಕೆಟ್‌ಗಳ ಮೊತ್ತವನ್ನು ಅಣ್ಣ ಡಾಲರಿಗೆ ಪರಿವರ್ತಿಸಿ, ಮೂರು ದಿನ ಸಿಕ್ಕಸಿಕ್ಕವರಿಗೆ ಹೇಳಿದ. ಮಕ್ಕಳಿರುವವರು ಫ್ಯಾಮಿಲಿ ಆ್ಯಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ಕೊಂಡರೆ ದೊಡ್ಡವರ ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ, ಐದರಿಂದ ಹದಿನೈದು ವರ್ಷದವರ ಟಿಕೆಟ್ಟಿನಲ್ಲಿ ಶೇ 60ರಷ್ಟು ಉಳಿಯುತ್ತದೆ, ಪ್ರವಾಸಿಗರೂ ಕೊಳ್ಳಬಹುದು ಎಂದು ನಾನು ಕಳಿಸಿದ್ದ ಸಂದೇಶವನ್ನು ಅವನು ತೆರೆದೇ ನೋಡಿರಲಿಲ್ಲ.

ಲಂಡನ್ನಿನ ಟ್ಯೂಬಿನಲ್ಲಿ, ಅಂದರೆ ನೆಲದಡಿಯ ರೈಲಿನಲ್ಲಿ, ಬ್ಯಾಂಕಿನ ಕಾರ್ಡನ್ನು ತಟ್ಟಿ ಒಳಗೆ ಹೋಗುವುದು, ತಟ್ಟಿ ಹೊರಗೆ ಬರುವುದು. ಇದಕ್ಕಿಂತ ಸುಲಭವಾದ ವ್ಯವಸ್ಥೆ ಇನ್ನೊಂದಿರಲಾರದು. ಅಣ್ಣ ಒಳಗೆ ಹೋಗುವಾಗ ಕಾರ್ಡನ್ನು ತಟ್ಟಿ, ಹೊರಬರುವಾಗ ಅದೇ ಕಾರ್ಡು ಸೇರಿಸಿದ್ದ ಫೋನನ್ನು ತಟ್ಟಿದ. ನಮಗೆ ಅದು ಒಂದೇ ಖಾತೆ, ಯಂತ್ರದ ಪಾಲಿಗೆ ಅವು ಇಬ್ಬರು ಬೇರೆ ಬೇರೆ ಪ್ರಯಾಣಿಕರು, ಇಬ್ಬರದೂ ಅಪೂರ್ಣ ಪ್ರಯಾಣ. ಎರಡಕ್ಕೂ ಗರಿಷ್ಠ ದರ ಬಿತ್ತು. ಬಸ್ಸಿನಲ್ಲಿ ಹತ್ತುವಾಗ ಮಾತ್ರ ತಟ್ಟಬೇಕು. 2014ರಿಂದ ಲಂಡನ್ ಬಸ್ಸುಗಳಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಲೆಸ್ಟರ್ ಸ್ಕ್ವೇರ್‌ನಿಂದ ಕಾವೆಂಟ್ ಗಾರ್ಡನ್‌ಗೆ ಟ್ಯೂಬ್ ಹತ್ತುವವರನ್ನು ಕಂಡರಂತೂ ನನಗೆ ಅಯ್ಯೋ ಎನಿಸುತ್ತದೆ, ಏಕೆಂದರೆ ಅವೆರಡರ ನಡುವೆ ಮುನ್ನೂರು ಮೀಟರೂ ಇಲ್ಲ. ಎಸ್ಕಲೇಟರ್ ಇಳಿದು ರೈಲು ಹತ್ತುವಷ್ಟರಲ್ಲಿ ನಡೆದೇ ತಲುಪಿ ಕಾಫಿ ಕುಡಿಯಬಹುದು. ಎಸ್ಕಲೇಟರಿನಲ್ಲಿ ನಿಲ್ಲುವವರು ಬಲಕ್ಕೆ ನಿಲ್ಲಬೇಕು, ಎಡ ನಡೆಯುವವರಿಗೆ. ನಮ್ಮ ಮೆರವಣಿಗೆ ಎರಡೂ ಕಡೆ ತುಂಬಿಕೊಂಡು ನಿಂತಿದ್ದಾಗ ಹಿಂದಿದ್ದವರೊಬ್ಬರು ‘ಸಾರಿ’ ಎಂದರು. ಅದು ಕ್ಷಮೆಯಲ್ಲ, ಬೈಗುಳ ಎಂದು ಅತ್ತಿಗೆಯವರಿಗೆ ವಿವರಿಸಬೇಕಾಯಿತು.

ಪಬ್ಬಿನಲ್ಲಿ ಮೇಜಿಗೆ ಬಂದು ಯಾರೂ ಕೇಳುವುದಿಲ್ಲ, ನಾವೇ ಎದ್ದು ಹೋಗಿ ಕೌಂಟರಿನಲ್ಲಿ ಹೇಳಬೇಕು. ಇವರು ಇಪ್ಪತ್ತೈದು ನಿಮಿಷ ಕಾದು, ಕಪ್ಪು ಮೈಬಣ್ಣಕ್ಕೆ ಹೀಗೆ ಮಾಡುತ್ತಿದ್ದಾರೆಂದು ಮುಖ ದಪ್ಪ ಮಾಡಿಕೊಂಡಿದ್ದರು. ರೆಸ್ಟೋರೆಂಟಿನಲ್ಲಿ ಅದಕ್ಕೆ ತದ್ವಿರುದ್ಧ: ಬಿಲ್ಲಿನಲ್ಲಿ ಆಗಲೇ ಶೇ 12.5 ಸೇವಾಶುಲ್ಕ ಸೇರಿತ್ತು, ಅಣ್ಣ ಅದರ ಮೇಲೆ ಅಮೆರಿಕದ ಅಭ್ಯಾಸದಂತೆ ಇನ್ನೂ ಶೇ 20 ಹಾಕಿ ದಾನಶೂರ ಕರ್ಣನಾದ. ತಲೆನೋವೆಂದು ಔಷಧದ ಅಂಗಡಿಯಲ್ಲಿ ಟೈಲೆನಾಲ್ ಕೇಳಿ, ಇಲ್ಲವೆನ್ನಿಸಿಕೊಂಡು ಬರಿಗೈಯಲ್ಲಿ ಬಂದ. ಇಲ್ಲಿ ಅದರ ಹೆಸರು ಪ್ಯಾರಾಸಿಟಮಾಲ್. ಚಿಕ್ಕಂದಿನಲ್ಲಿ ಜ್ವರ ಬಂದಾಗಲೆಲ್ಲ ನಾವು ನುಂಗಿದ ಅದೇ ಪ್ಯಾರಾಸಿಟಮಾಲ್! ಅದನ್ನೂ ಅಮೆರಿಕದಂತೆ ಐನೂರು ಮಾತ್ರೆಗಳ ಡಬ್ಬಿಯಲ್ಲಿ ಮಾರುವುದಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಹದಿನಾರರ ಪೊಟ್ಟಣ ಎರಡೇ ಕೊಡುತ್ತಾರೆ. ಇನ್ನು, ಇಲ್ಲಿ ಆಸ್ಪತ್ರೆ ಎಲ್ಲರಿಗೂ ಪುಕ್ಕಟೆ ಎಂದು ವಿಮೆಯಿಲ್ಲದೆ ಬರುವವರು ಗಮನಿಸಬೇಕು: ತುರ್ತು ವಿಭಾಗದಲ್ಲಿ ನೋಡುವುದು ಪುಕ್ಕಟೆ, ವಾರ್ಡಿಗೆ ಸೇರಿಸಿಕೊಂಡರೆ ಇಂಗ್ಲೆಂಡಿನಲ್ಲಿ ಅಮೆರಿಕದ ಪ್ರವಾಸಿಗರಿಗೆ ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ದರದ ಒಂದೂವರೆ ಪಟ್ಟು ಬಿಲ್ಲು ಬರುತ್ತದೆ.

ನಮ್ಮವರು ಇದನ್ನೆಲ್ಲ ಬರೆಯಬೇಡವೆಂದರು. ಅವರ ವಾದವೇನೆಂದರೆ, ಎಲ್ಲವನ್ನೂ ಓದಿಕೊಂಡು ಬಂದರೆ ಅದು ಪ್ರವಾಸವಲ್ಲ, ಪರೀಕ್ಷೆ; ಎಡವಿ ಕಲಿಯುವುದರಲ್ಲೇ ಸುಖವಿದೆ; ಅಮೆರಿಕದವರು ಎಷ್ಟೇ ಎಡವಿದರೂ ನಗುನಗುತ್ತಾ ಅಪರಿಚಿತರನ್ನು ಮಾತನಾಡಿಸುತ್ತಾರಲ್ಲ, ಅದನ್ನು ನೀನು ಹದಿನೆಂಟು ವರ್ಷದಲ್ಲಿ ಕಲಿಯಲಿಲ್ಲ ಎಂದು. ಚೆನ್ನಾಗಿದೆ ವಾದ. ಎಡವಿದವರು ಅವರು, ರಾತ್ರಿ ಹನ್ನೊಂದಕ್ಕೆ ಫ್ಯೂಸ್ ಬದಲಿಸಿದವಳು ನಾನು. ಜಪಾನಿನಲ್ಲಿ ಅವರಿಗೆ ಈ ಎಡವುವ ಸುಖ ಏಕೆ ಬೇಕಾಗಲಿಲ್ಲ?

ರಸ್ತೆ ದಾಟುವ ವಿಷಯದಲ್ಲಂತೂ ತಮಾಷೆ ಸಲ್ಲದು. ಲಂಡನ್ನಿನ ಡಾಂಬರಿನ ಮೇಲೆ ‘ಲುಕ್ ರೈಟ್’ ಎಂದು ಬಿಳಿ ಅಕ್ಷರಗಳಲ್ಲಿ ಬರೆದಿರುವುದು ಅಲಂಕಾರಕ್ಕಲ್ಲ. ಇಲ್ಲಿ ವಾಹನ ಎಡಗಡೆ ಓಡುವುದರಿಂದ ಮೊದಲು ಬರುವುದು ಬಲಗಡೆಯಿಂದ, ಅಮೆರಿಕದವರ ಕತ್ತು ತಾನಾಗಿಯೇ ಎಡಕ್ಕೆ ತಿರುಗುತ್ತದೆ. 1931ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ದಾಟುವಾಗ ಇದರ ತಿರುವುಮುರುವು ತಪ್ಪನ್ನೇ ಮಾಡಿ, ಕಾರಿಗೆ ಸಿಕ್ಕಿ ಆಸ್ಪತ್ರೆ ಸೇರಿದವರು ವಿನ್‌ಸ್ಟನ್ ಚರ್ಚಿಲ್. ಅವರ ತಾಯಿ ಹುಟ್ಟಿದ್ದೇ ಅದೇ ಊರಿನ ಬ್ರೂಕ್ಲಿನ್‌ನಲ್ಲಿ. ಇಷ್ಟು ಬರೆದ ಮೇಲೆ ಒಂದು ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. 2016ರಲ್ಲಿ ಮೊದಲ ಸಲ ಅಣ್ಣನ ಮನೆಗೆ ಹೋಗಿದ್ದಾಗ, ಎಡಿಸನ್ನಿನಲ್ಲಿ ತರಕಾರಿ ಕೊಂಡು ಬರುವಾಗ ನಾನೂ ಬಲಗಡೆ ಮಾತ್ರ ನೋಡಿ ರಸ್ತೆಗೆ ಇಳಿದಿದ್ದೆ. ಎಡಗಡೆಯಿಂದ ಬಂದ ಪಿಕಪ್ ಟ್ರಕ್ಕಿಗೂ ನನಗೂ ಒಂದು ಮೊಳದ ಅಂತರ. ಅಣ್ಣ ಹಿಂದಿನಿಂದ ನನ್ನ ಜಡೆ ಹಿಡಿದು ಎಳೆದದ್ದಕ್ಕೆ ಉಳಿದುಕೊಂಡೆ. ಮೆಂತ್ಯದ ಸೊಪ್ಪೆಲ್ಲ ರಸ್ತೆಯಲ್ಲಿ ಚೆಲ್ಲಿತು. ಅವನು ಅದನ್ನು ಆಯ್ದು ಚೀಲಕ್ಕೆ ತುಂಬಿಕೊಟ್ಟ, ಇವತ್ತಿನ ತನಕ ಯಾರಿಗೂ ಹೇಳಿಲ್ಲ, ಎಲ್ಲಿಯೂ ಬರೆದಿಲ್ಲ.

ಅದಕ್ಕೇ ಬೇಸರ ಹೆಚ್ಚು. ಕಡೆಯ ಶನಿವಾರ ನಾನು ಅವನನ್ನು ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಬೇಕೆಂದಿದ್ದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೊಳ್ಳೆ ಹೊಡೆದು ತಂದ ಟಿಪ್ಪುವಿನ ಮರದ ಹುಲಿ, ಬಿಳಿಯನ ಮೇಲೆ ಎರಗಿ ಕುಳಿತಿರುವ ಆ ಹುಲಿ, ಅಲ್ಲಿದೆ. ನೋಡಲು ಒಂದು ಪೆನ್ನಿಯೂ ಬೇಕಿಲ್ಲ. ಮಧ್ಯಾಹ್ನವೇ ಹೊರಡೋಣವೆಂದರೆ, ‘ಆರಾಮಾಗಿ ಹೋಗೋಣ ಬಾರೇ, ರಾತ್ರಿ ತನಕ ತೆಗೆದಿರ್ತಾರೆ’ ಎಂದು ಅಂಗಡಿ ಸುತ್ತಿದ. ಅದು ರಾತ್ರಿ ಹತ್ತರ ತನಕ ತೆರೆದಿರುವುದು ಶುಕ್ರವಾರ ಮಾತ್ರ, ಉಳಿದ ದಿನ 5.45ಕ್ಕೆ ಮುಚ್ಚುತ್ತದೆ. ನಾವು ಬಾಗಿಲು ತಲುಪಿದಾಗ ಜನ ಹೊರಗೆ ಬರುತ್ತಿದ್ದರು. ಬಾಲ್ಯದಲ್ಲಿ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶ್ರೀರಂಗಪಟ್ಟಣದ ಕೋಟೆ ತೋರಿಸಿದವನಿಗೆ ನಾನು ತೋರಿಸಬೇಕೆಂದುಕೊಂಡಿದ್ದ ಒಂದೇ ಒಂದು ವಸ್ತು ಅದು.

ಈಗಷ್ಟೇ ಅತ್ತಿಗೆಯವರ ಸಂದೇಶ ಬಂತು, ಕ್ಷೇಮವಾಗಿ ತಲುಪಿದ್ದಾರೆ. ಡಲ್ಲಾಸಿನಲ್ಲಿರುವ ಅವರ ತಮ್ಮನೂ ಚಳಿಗಾಲದಲ್ಲಿ ಬರುತ್ತಾರಂತೆ, ಟಿಕೆಟ್ ಅಗ್ಗಕ್ಕೆ ಸಿಕ್ಕಿತೆಂದು ಆಗಲೇ ತೆಗೆದಾಗಿದೆಯಂತೆ, ಡಿಸೆಂಬರ್ 25ರ ಬೆಳಿಗ್ಗೆ ಹೀಥ್ರೂಗೆ. ಕ್ರಿಸ್‌ಮಸ್ಸಿನ ದಿನ ಇಲ್ಲಿ ಟ್ಯೂಬ್ ಇಲ್ಲ, ಲಂಡನ್ನಿನ ಬಸ್ಸಿಲ್ಲ, ರೈಲಿಲ್ಲ. ಅಂದು ಬೆಳಿಗ್ಗೆ ಯಾರು ಕಾರು ತೆಗೆಯಬೇಕೆಂದು ನಮ್ಮವರನ್ನು ಕೇಳಿದೆ. ಎಡವಿ ಕಲಿಯಲಿ ಎಂದಿದ್ದ ಮಹಾನುಭಾವರು ಪತ್ರಿಕೆಯ ಹಿಂದಿನಿಂದ ತಲೆಯೆತ್ತಲಿಲ್ಲ.