ಸತ್ಯಾಂಶ: ಬ್ಲಿಟ್ಜ್ ಚೆಸ್‌ನಲ್ಲಿ ರಾಜನನ್ನು ಹೊಡೆದರೆ ಗೆಲುವೇ?

ಬ್ಲಿಟ್ಜ್ ಎಂದರೆ ಪ್ರತಿ ಆಟಗಾರನಿಗೆ ಕೆಲವೇ ನಿಮಿಷ ಸಿಗುವ ವೇಗದ ಚೆಸ್. ‘ಬ್ಲಿಟ್ಜ್ ಆಟದಲ್ಲಿ ಎದುರಾಳಿ ಚೆಕ್ (ರಾಜನ ಮೇಲಿನ ದಾಳಿ) ಗಮನಿಸದಿದ್ದರೆ ಅವನ ರಾಜನನ್ನು ಹೊಡೆದುಬಿಡಿ, ಆಟ ನಿಮ್ಮದೇ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಅಂತಾರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮದಲ್ಲಿ ರಾಜನನ್ನು ಹೊಡೆಯುವುದಕ್ಕೇ ಅವಕಾಶವಿಲ್ಲ. ಚೆಕ್ ಬಿಟ್ಟು ಬೇರೆ ನಡೆ ಆಡಿದ ಎದುರಾಳಿಯದು ನಿಯಮಬಾಹಿರ ನಡೆ; ರಾಜನನ್ನು ಹೊಡೆದವರ ನಡೆಯೂ ನಿಯಮಬಾಹಿರವೇ.

ಮಾಡಬೇಕಾದದ್ದು ಇಷ್ಟು: ಎದುರಾಳಿ ಗಡಿಯಾರ ಒತ್ತಿದ ಮೇಲೆ, ನಿಮ್ಮ ನಡೆ ಆಡುವ ಮೊದಲು, ಗಡಿಯಾರ ನಿಲ್ಲಿಸಿ ತೀರ್ಪುಗಾರರನ್ನು ಕರೆಯಿರಿ. ನೀವು ಆಡಿಬಿಟ್ಟರೆ ಸಾಮಾನ್ಯವಾಗಿ ದೂರು ಕೊಡುವ ಹಕ್ಕು ಹೋಯಿತು.

ಮೊದಲ ನಿಯಮಬಾಹಿರ ನಡೆಗೇ ಸೋಲು ಎಂಬುದು ಹಳೆಯ ನಿಯಮ, ಹಿರಿಯ ಆಟಗಾರರಲ್ಲಿ ಇಂದಿಗೂ ಉಳಿದಿರುವ ನಂಬಿಕೆ. ಈಗಿನ ನಿಯಮದಂತೆ, ಬ್ಲಿಟ್ಜ್‌ನಲ್ಲಿ ಮೊದಲ ತಪ್ಪಿಗೆ, ತಪ್ಪು ಮಾಡಿದವರ ಎದುರಾಳಿಗೆ 1 ನಿಮಿಷ ಹೆಚ್ಚುವರಿ ಸಮಯ. ಎರಡನೆಯದಕ್ಕೆ ಸಾಮಾನ್ಯವಾಗಿ ಸೋಲು.

ಗೆಳೆಯರ ನಡುವಿನ ಆಟಕ್ಕೆ ತೀರ್ಪುಗಾರರಿರುವುದಿಲ್ಲ. ಅಲ್ಲಿ ಯಾವ ನಿಯಮ ಎಂಬುದನ್ನು ಗಡಿಯಾರ ಒತ್ತುವ ಮುನ್ನವೇ ಮಾತಾಡಿಕೊಳ್ಳಿ.