ಕೊಂದನಂತೆ, ಕೊಂದನಾ?, ಕೊಂದ!

ಭಾನುವಾರ ಬೆಳಿಗ್ಗೆ ಗಡ್ಡ ಮಾಡಿಸಲು ಕೂತಿದ್ದೆ. ಬಲಗೆನ್ನೆ ಮುಗಿದಿತ್ತು. ಎಡಗೆನ್ನೆಯಲ್ಲಿ ಇನ್ನೂ ನೊರೆ. ಅಷ್ಟರಲ್ಲಿ ಗೋಡೆಯ ಟೀವಿ ಢಂ ಎಂದಿತು, ಪರದೆ ಕೆಂಪಾಯಿತು, ಹುಡುಗನ ಕೈ ನನ್ನ ಕಿವಿಯ ಹತ್ತಿರ ಹಾಗೇ ನಿಂತಿತು. ಬಿಗ್ ಬ್ರೇಕಿಂಗ್ ಏನೆಂದರೆ, ಜೈಲಿನಲ್ಲಿರುವ ಆರೋಪಿ ರಾತ್ರಿಯಿಡೀ ನಿದ್ದೆ ಮಾಡಿಲ್ಲ.

ಯಾವ ಕೇಸು ಅಂತ ಕೇಳಬೇಡಿ. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಬಂದಿರುತ್ತದೆ, ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಮಾತ್ರ ಅದೇ ಇರುತ್ತದೆ. ನಿದ್ದೆ ಮಾಡಿಲ್ಲ ಅಂದರೆ ಪಾಪಪ್ರಜ್ಞೆ ಕಾಡುತ್ತಿದೆ ಎಂದರು. ಹಿಂದಿನ ವಾರ ಇನ್ನೊಬ್ಬ ಚೆನ್ನಾಗಿ ನಿದ್ದೆ ಮಾಡಿದ್ದ, ಅವನದು ಕಲ್ಲು ಮನಸ್ಸು. ಊಟ ಮಾಡಿದರೆ ಪಶ್ಚಾತ್ತಾಪವಿಲ್ಲ, ಬಿಟ್ಟರೆ ನಾಟಕ. ಈ ದೇಶದಲ್ಲಿ ನಿರಪರಾಧಿಯಂತೆ ಕಾಣಬೇಕು ಅಂದರೆ ಅರ್ಧ ನಿದ್ದೆ ಮಾಡಿ, ಅರ್ಧ ತಟ್ಟೆ ಊಟ ಬಿಡಬೇಕೇನೋ. ಇಷ್ಟೆಲ್ಲ ಹೇಳಿದ ವರದಿಗಾರ ನಿಂತಿದ್ದು ಜೈಲಿನ ಗೇಟಿನ ಹೊರಗೆ. ಒಳಗಿನವನ ಕಣ್ಣು ಮುಚ್ಚಿತ್ತೋ ತೆರೆದಿತ್ತೋ, ಗೋಡೆಯಾಚೆಯಿಂದ ಕಂಡಿದ್ದಾನೆ. ಇಂಥ ದೃಷ್ಟಿ ಇರುವವರನ್ನು ಗಡಿಗೆ ಕಳಿಸದೆ ಜೈಲಿನ ಗೇಟಿಗೆ ಯಾಕೆ ಹಾಕಿದ್ದಾರೋ.

ನನಗೆ ಜಾಸ್ತಿ ಖುಷಿ ಕೊಡುವುದು ಇವರ ವ್ಯಾಕರಣ. ಕನ್ನಡದಲ್ಲಿ ‘ಅಂತೆ’ ಅಂತ ಒಂದು ಪುಟ್ಟ ಪದವಿದೆ. ‘ನಾನು ನೋಡಿಲ್ಲಪ್ಪ, ಯಾರೋ ಹೇಳಿದರು’ ಎಂಬ ಇಡೀ ವಾಕ್ಯ ಆ ಎರಡಕ್ಷರದಲ್ಲಿದೆ. ನಮ್ಮ ಹಿರಿಯರು ಎಷ್ಟು ಹುಷಾರು ನೋಡಿ, ಚಾಡಿ ಹೇಳುವಾಗಲೂ ತಪ್ಪಿಸಿಕೊಳ್ಳಲು ಹಿತ್ತಿಲ ಬಾಗಿಲು ಇಟ್ಟುಕೊಂಡಿದ್ದರು. ಬೆಳಿಗ್ಗೆ ಏಳಕ್ಕೆ ಟೀವಿಯವರು ‘ಕೊಂದನಂತೆ’ ಎನ್ನುತ್ತಾರೆ. ಮಧ್ಯಾಹ್ನದ ಹೊತ್ತಿಗೆ ‘ಕೊಂದನಾ?’ ಆಗುತ್ತದೆ. ಆ ಪ್ರಶ್ನಾರ್ಥಕ ಚಿಹ್ನೆ ವಕೀಲರು ಹೇಳಿಕೊಟ್ಟಿದ್ದು. ಅದೊಂದಿದ್ದರೆ ಮಾನನಷ್ಟ ಕೇಸಿಗೆ ‘ನಾವು ಕೇಳಿದ್ದು ಅಷ್ಟೇ ಸ್ವಾಮಿ’ ಅನ್ನಬಹುದು. ರಾತ್ರಿ ಒಂಬತ್ತರ ಪ್ಯಾನಲ್ ಹೊತ್ತಿಗೆ ಅಂತೆ ಹೋಯಿತು, ಪ್ರಶ್ನೆಯೂ ಹೋಯಿತು. ‘ಕೊಂದ.’ ಹದಿನಾಲ್ಕು ಗಂಟೆಯಲ್ಲಿ ಹೊಸ ಸಾಕ್ಷಿ ಏನು ಸಿಕ್ಕಿತು? ಏನೂ ಇಲ್ಲ. ಆದರೆ ಗ್ರಾಫಿಕ್ಸ್ ಹುಡುಗ ಡ್ಯೂಟಿಗೆ ಬಂದ. ಮುಖವಿಲ್ಲದ ಒಬ್ಬ ಬೊಂಬೆ ಮನುಷ್ಯ ಮುಖವಿಲ್ಲದ ಇನ್ನೊಬ್ಬನಿಗೆ ಹೊಡೆಯುವುದನ್ನು ಹದಿನೆಂಟು ಸಲ ತೋರಿಸಿದ. ಹದಿನೆಂಟನೆಯ ಸಲಕ್ಕೆ ನಾವೆಲ್ಲ ಪ್ರತ್ಯಕ್ಷ ಸಾಕ್ಷಿಗಳು.

ಪತ್ರಿಕೆಯವರೂ ಸಾಚಾಗಳೇನಲ್ಲ. ಅವರ ಹತ್ತಿರ ‘ಎನ್ನಲಾಗಿದೆ’ ಇದೆ. ‘ಆರೋಪಿ ಎಲ್ಲವನ್ನೂ ಒಪ್ಪಿಕೊಂಡಿದ್ದಾನೆ ಎನ್ನಲಾಗಿದೆ.’ ಯಾರು ಎಂದರು? ಅದನ್ನು ಕೇಳಬಾರದು. ಶಾಲೆಯಲ್ಲಿ ಕನ್ನಡ ಮೇಷ್ಟ್ರು ಕರ್ಮಣಿ ಪ್ರಯೋಗ ಅಂತ ಪಾಠ ಮಾಡಿದಾಗ ಇದು ಯಾವ ಕೆಲಸಕ್ಕೆ ಬರುತ್ತದೆ ಅಂದುಕೊಂಡಿದ್ದೆ. ಈಗ ಗೊತ್ತಾಯಿತು. ಕರ್ತೃ ಕಾಣೆ, ಕರ್ಮ ಮಾತ್ರ ಆರೋಪಿಯದ್ದು.

ಇಷ್ಟು ಬೇಗ ತೀರ್ಪು ಕೊಡುವವರು ಇರುವಾಗ ಕೋರ್ಟುಗಳು ಯಾಕೆ ಬೇಕು ಅನ್ನುವುದು ನನ್ನ ನಮ್ರ ಪ್ರಶ್ನೆ. ದೇಶದಲ್ಲಿ 5 ಕೋಟಿಗೂ ಜಾಸ್ತಿ ಕೇಸು ಬಾಕಿ ಇವೆ. ಒಬ್ಬ ಆ್ಯಂಕರ್‌ಗೆ ಜಾಹೀರಾತು ಬಿಟ್ಟು ನಲವತ್ತು ನಿಮಿಷ ಸಾಕು. ಪಾಟೀಸವಾಲು ಇಲ್ಲ, ಮುಂದಿನ ದಿನಾಂಕ ಇಲ್ಲ, ಸಾಕ್ಷಿ ತಿರುಗಿಬೀಳುವ ಭಯ ಇಲ್ಲ. ಜಾಮೀನು ಸಿಗುತ್ತದೋ ಇಲ್ಲವೋ ಎಂದು ಹೇಳಲು ಪಕ್ಕದಲ್ಲೇ ಜ್ಯೋತಿಷಿ ಕೂತಿರುತ್ತಾರೆ. ಹೈಕೋರ್ಟಿನಲ್ಲಿ ಆ ಸೌಲಭ್ಯ ಎಲ್ಲಿದೆ?

ಇದು ಹೊಸದೇನಲ್ಲ ಬಿಡಿ. 1959ರಲ್ಲಿ ಬಾಂಬೆಯಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿ ತನ್ನ ಹೆಂಡತಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದ ಕೇಸು ನೆನಪಿರಬಹುದು. ಆಗ ಜ್ಯೂರಿ ಇತ್ತು, ಅಂದರೆ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳಲು ಸಾಮಾನ್ಯ ಜನರನ್ನೇ ಕೂರಿಸುತ್ತಿದ್ದರು. ‘ಬ್ಲಿಟ್ಜ್’ ವಾರಪತ್ರಿಕೆ ಆರೋಪಿಯ ಪರ ನಿಂತು ಅವನನ್ನು ಹೀರೋ ಮಾಡಿತು. 25 ಪೈಸೆಯ ಪತ್ರಿಕೆ 2 ರೂಪಾಯಿಗೆ ಮಾರಾಟವಾಯಿತು ಅಂತಾರೆ. ಬೀದಿಯಲ್ಲಿ ನಾನಾವತಿ ಹೆಸರಿನ ಆಟಿಕೆ ರಿವಾಲ್ವರ್ ಕೂಡ ಸಿಗುತ್ತಿತ್ತು ಅಂತಾರೆ. (ನೋಡಿ, ನಾನೂ ಎರಡು ಸಲ ‘ಅಂತಾರೆ’ ಹಾಕಿಬಿಟ್ಟೆ. ರೋಗ ಅಂಟುತ್ತದೆ.) ಒಂಬತ್ತು ಜನರ ಜ್ಯೂರಿಯಲ್ಲಿ ಎಂಟು ಜನ ತಪ್ಪಿತಸ್ಥನಲ್ಲ ಎಂದರು. ಇದು ಯಾವ ಲೆಕ್ಕ ಎಂದು ಸೆಷನ್ಸ್ ನ್ಯಾಯಾಧೀಶರು ಕೇಸನ್ನು ಹೈಕೋರ್ಟಿಗೆ ಕಳಿಸಿದರು. ಅಲ್ಲಿ ಜೀವಾವಧಿ ಶಿಕ್ಷೆಯಾಯಿತು, 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲೆ ಜ್ಯೂರಿಗೆ ನಮ್ಮಲ್ಲಿ ಹೆಚ್ಚು ದಿನ ಆಯಸ್ಸು ಇರಲಿಲ್ಲ, 1973ರ ಅಪರಾಧ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಸಿಗಲಿಲ್ಲ. ಒಂಬತ್ತು ಜನರ ಜ್ಯೂರಿಯನ್ನು ಕೈಬಿಟ್ಟ ದೇಶ, ಈಗ ಸೋಫಾ ಮೇಲೆ ಕೂತ ಕೋಟಿಗಟ್ಟಲೆ ಜನರ ಜ್ಯೂರಿ ಸಾಕಿಕೊಂಡಿದೆ.

ಇನ್ನು ತಪ್ಪೊಪ್ಪಿಗೆಯ ವಿಷಯ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆ ಹೇಳಿತು. ಬರೆದವರು ಬ್ರಿಟಿಷರು. ಪೊಲೀಸರೂ ಅವರವರೇ. ತಮ್ಮ ಪೊಲೀಸರ ಮೇಲೆ ಅವರಿಗೇ ನಂಬಿಕೆ ಇರಲಿಲ್ಲ. 2024ರ ಜುಲೈನಲ್ಲಿ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು. ಎಷ್ಟೋ ಸೆಕ್ಷನ್ನುಗಳ ನಂಬರು ಬದಲಾಯಿತು, ಈ ಅಪನಂಬಿಕೆ ಮಾತ್ರ 23ನೇ ಸೆಕ್ಷನ್ನಿನಲ್ಲಿ ಭದ್ರವಾಗಿ ಕೂತಿದೆ. ಬ್ರಿಟಿಷರೂ ನಂಬಲಿಲ್ಲ, ಸಂಸತ್ತೂ ನಂಬಲಿಲ್ಲ, ಕೋರ್ಟೂ ನಂಬುವುದಿಲ್ಲ. ನಂಬುವವರು ನಮ್ಮ ಕ್ರೈಮ್ ಬ್ಯೂರೋ ಚೀಫ್ ಒಬ್ಬರೇ. ಸ್ಟೇಷನ್ನಿನಿಂದ ವಾಟ್ಸಾಪಿಗೆ ಬಂದ ಚೀಟಿಯನ್ನು ಅವರು ವೇದದ ಹಾಗೆ ಓದುತ್ತಾರೆ.

ಕಾನೂನಿನಲ್ಲಿ ಇದಕ್ಕೊಂದು ಚಂದದ ಕಿಂಡಿಯೂ ಇದೆ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ ಲೆಕ್ಕದಲ್ಲಿ ಕ್ರಿಮಿನಲ್ ಕೇಸು ‘ಬಾಕಿ ಇದೆ’ ಅನ್ನಿಸಿಕೊಳ್ಳುವುದು ಸಾಮಾನ್ಯವಾಗಿ ಚಾರ್ಜ್‌ಶೀಟ್ ಬಂದ ಮೇಲೆ. ಬಾಕಿ ಇಲ್ಲದ ಕೇಸಿನ ಬಗ್ಗೆ ಬಿತ್ತರಿಸಿದ್ದು ನಿಂದನೆಯ ಲೆಕ್ಕಕ್ಕೆ ಬರುವುದಿಲ್ಲ. ಬಂಧನದಿಂದ ಅಲ್ಲಿಯವರೆಗೆ 60 ಇಲ್ಲವೇ 90 ದಿನ ಹಬ್ಬ. ಬಂಧನದ ದಿನದಿಂದಲೇ ಲೆಕ್ಕ ಹಾಕಿ ಎಂದು ಕಾನೂನು ಆಯೋಗ ತನ್ನ 200ನೇ ವರದಿಯಲ್ಲಿ ಹೇಳಿತು. ಅದು 2006ರಲ್ಲಿ. ಅವತ್ತು ಹುಟ್ಟಿದ ಮಗು ಈಗ ಓಟು ಹಾಕುತ್ತಿದೆ.

ಹಾಗಂತ ಕೋರ್ಟುಗಳು ಸುಮ್ನೆ ಕೂತಿಲ್ಲ. ಒಬ್ಬ ಹಿಂದಿ ನಟನ ಸಾವಿನ ಸುತ್ತ 2020ರಲ್ಲಿ ನಡೆದ ಟೀವಿ ಜಾತ್ರೆ ನೋಡಿ ಬೆಚ್ಚಿದ ಬಾಂಬೆ ಹೈಕೋರ್ಟ್ 2021ರ ಜನವರಿಯಲ್ಲಿ ಹಾಗೆ ಮಾಡಬೇಡಿ, ಹೀಗೆ ಮಾಡಬೇಡಿ ಎಂದು ಪಟ್ಟಿ ಕೊಟ್ಟಿತು. ಪೊಲೀಸರು ಮಾಧ್ಯಮದ ಮುಂದೆ ಏನು ಹೇಳಬೇಕು ಎಂಬುದಕ್ಕೆ 3 ತಿಂಗಳಲ್ಲಿ ನಿಯಮ ಮಾಡಿ ಎಂದು 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಹೇಳಿತು. 2024ರಲ್ಲಿ ನಮ್ಮ ರಾಜ್ಯದ ಆ ಕೇಸು ಬಂತು, ಹೆಸರು ಹೇಳುವ ಅಗತ್ಯವಿಲ್ಲ ಅಲ್ವಾ. ಎ1 ಯಾರು, ಎ2 ಯಾರು ಅನ್ನುವುದು ಮಕ್ಕಳಿಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠವಾಯಿತು. ಚಾರ್ಜ್‌ಶೀಟಿನ ಒಳಗಿನದ್ದನ್ನು ಬಿತ್ತರಿಸಬೇಡಿ ಎಂದು ಹೈಕೋರ್ಟೇ ತಡೆ ಕೊಡಬೇಕಾಯಿತು. ಆಗ ಕೆಲವರು ಎದೆ ಬಡಿದುಕೊಂಡರು. ಪತ್ರಿಕಾ ಸ್ವಾತಂತ್ರ್ಯ ಸತ್ತಿತು ಎಂದರು.

ಇಲ್ಲಿ ನನಗೆ ನಗು ಬರುವುದಿಲ್ಲ.

ಪತ್ರಿಕಾ ಸ್ವಾತಂತ್ರ್ಯ ಇರುವುದು ಯಾರ ವಿರುದ್ಧ? ಅಧಿಕಾರದ ವಿರುದ್ಧ. ಕ್ರಿಮಿನಲ್ ಕೇಸಿನಲ್ಲಿ ಅಧಿಕಾರ ಇರುವುದು ಯಾರ ಕೈಯಲ್ಲಿ? ಪೊಲೀಸರ ಕೈಯಲ್ಲಿ, ಸರ್ಕಾರದ ಕೈಯಲ್ಲಿ. ಎದುರಿಗೆ ಕೋಳ ಹಾಕಿಸಿಕೊಂಡ ಒಬ್ಬ ಮನುಷ್ಯ. ನೀವು ಹೋಗಿ ಪೊಲೀಸರ ಪಕ್ಕ ನಿಂತು, ಆ ಒಬ್ಬನ ಮುಖಕ್ಕೆ ಮೈಕು ತುರುಕಿ, ಇದು ಸ್ವಾತಂತ್ರ್ಯ ಎನ್ನುತ್ತೀರಿ. ಇದಕ್ಕೆ ಸ್ವಾತಂತ್ರ್ಯ ಯಾಕೆ ಬೇಕು? ಯಾವ ಸರ್ವಾಧಿಕಾರಿ ಇದನ್ನು ತಡೆದಾನು? ದೆಹಲಿಯ ಜೆಸ್ಸಿಕಾ ಲಾಲ್ ಕೊಲೆ ಕೇಸಿನ ಹೆಸರು ಹೇಳಿ ಬಾಯಿ ಮುಚ್ಚಿಸಬೇಡಿ. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದಾಗ ಪತ್ರಕರ್ತರು ಕೇಳಿದ್ದು, ಸಾಕ್ಷಿಗಳು ಯಾಕೆ ತಿರುಗಿಬಿದ್ದರು, ತನಿಖೆ ಯಾಕೆ ಹಳ್ಳ ಹಿಡಿಯಿತು ಎಂದು. ಅಂದರೆ ಪೊಲೀಸರನ್ನೇ ಪ್ರಶ್ನೆ ಮಾಡಿದರು. ಅವತ್ತು ಚೀಟಿ ಓದಿದ್ದಲ್ಲ. ಆ ಕೇಸಿನಲ್ಲಿ ಆಮೇಲೆ ಹೈಕೋರ್ಟ್ ಕೊಟ್ಟ ಶಿಕ್ಷೆಯನ್ನು ಎತ್ತಿಹಿಡಿಯುವಾಗಲೂ 2010ರಲ್ಲಿ ಸುಪ್ರೀಂ ಕೋರ್ಟ್ ಮಾಧ್ಯಮ ವಿಚಾರಣೆಯ ಅಪಾಯದ ಬಗ್ಗೆ ಎಚ್ಚರಿಸಿತ್ತು.

ಜೆಸ್ಸಿಕಾ ಕೇಸಿನ ಆ ಖುಲಾಸೆಯ ಮರುವರ್ಷವೇ, 2007ರಲ್ಲಿ, ದೆಹಲಿಯ ಒಬ್ಬ ಶಾಲಾ ಶಿಕ್ಷಕಿ. ವಿದ್ಯಾರ್ಥಿನಿಯರನ್ನು ದಂಧೆಗೆ ತಳ್ಳುತ್ತಾಳೆ ಎಂದು ಒಂದು ಚಾನೆಲ್ ಗುಪ್ತ ಕ್ಯಾಮೆರಾದ ದೃಶ್ಯ ಹಾಕಿತು. ಜನ ಶಾಲೆಗೆ ನುಗ್ಗಿದರು. ಆಕೆಯನ್ನು ಹೊಡೆದರು, ಬಟ್ಟೆ ಹರಿದರು. ಪೊಲೀಸರು ಬಂಧಿಸಿದ್ದು ಆಕೆಯನ್ನೇ. ಆಮೇಲೆ ನೋಡಿದರೆ ಇಡೀ ವಿಡಿಯೊ ಕಟ್ಟುಕತೆ, ಅದರಲ್ಲಿದ್ದ ಹುಡುಗಿ ವಿದ್ಯಾರ್ಥಿನಿಯೇ ಅಲ್ಲ. ಚಾನೆಲ್‌ಗೆ ಶಿಕ್ಷೆ ಒಂದು ತಿಂಗಳು ಪ್ರಸಾರ ಬಂದ್. ಒಂದು ತಿಂಗಳು. ನಮ್ಮಲ್ಲಿ ಶಾಲೆಯ ಬೇಸಿಗೆ ರಜೆ ಅದಕ್ಕಿಂತ ಜಾಸ್ತಿ ಇರುತ್ತದೆ.

ಇನ್ನೊಂದು ಮಾತು. ಆರೋಪಿ ನಿಜವಾಗಿಯೂ ತಪ್ಪು ಮಾಡಿದ್ದಾನೆ ಅಂತಲೇ ಇಟ್ಟುಕೊಳ್ಳಿ. ಗುರುತು ಪತ್ತೆ ಪರೇಡಿಗೆ ಮೊದಲೇ ಅವನ ಮುಖವನ್ನು ಇನ್ನೂರು ಸಲ ತೋರಿಸಿದ್ದೀರಿ. ನಾಳೆ ಅವನ ವಕೀಲರು ಎದ್ದುನಿಂತು, ಸ್ವಾಮಿ, ಈ ಸಾಕ್ಷಿ ಗುರುತಿಸಿದ್ದು ಟೀವಿಯಲ್ಲಿ ಕಂಡ ಮುಖವನ್ನು ಎನ್ನುತ್ತಾರೆ. ಅವರಿಗೆ ಫೀಸು ಆರೋಪಿ ಕೊಡುತ್ತಾನೆ, ವಾದದ ಸರಕು ಆ್ಯಂಕರ್ ಪುಕ್ಕಟೆ ಕೊಡುತ್ತಾರೆ. ಸತ್ತವನ ಮನೆಯವರು ನಾಲ್ಕು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿ, ಕೊನೆಗೆ ಇದನ್ನು ಕೇಳಿಸಿಕೊಳ್ಳಬೇಕು. ಅಷ್ಟು ಹೊತ್ತಿಗೆ ಕ್ಯಾಮೆರಾ ಅಲ್ಲಿ ಇರುವುದಿಲ್ಲ. ಖುಲಾಸೆಯಾದರೆ ಆ ಸುದ್ದಿ ಪರದೆಯ ಬುಡದಲ್ಲಿ ಚಿನ್ನದ ಬೆಲೆ ಮತ್ತು ಮಳೆ ಸೂಚನೆಯ ನಡುವೆ ಓಡಿಹೋಗುತ್ತದೆ. ಅದಕ್ಕೆ ಢಂ ಎಂಬ ಸದ್ದು ಇಲ್ಲ.

ಟೀವಿಯಲ್ಲಿ ಜಾಹೀರಾತು ಬಂತು. ಹುಡುಗನಿಗೆ ನನ್ನ ಎಡಗೆನ್ನೆ ನೆನಪಾಯಿತು. ಒಣಗಿದ ನೊರೆಗೆ ಮತ್ತೆ ನೀರು ಹಚ್ಚಿದ.

‘ಅವನೇ ಅಲ್ವಾ ಸಾರ್ ಕೊಂದಿದ್ದು?’

‘ಗೊತ್ತಿಲ್ಲಪ್ಪ’ ಅಂದೆ.

ಆ ಉತ್ತರವನ್ನು ಆ ಟೀವಿಯಲ್ಲಿ ಅವನು ಒಂದು ದಿನವೂ ಕೇಳಿರಲಿಕ್ಕಿಲ್ಲ. ಕನ್ನಡಿಯಲ್ಲಿ ನನ್ನನ್ನೇ ದಿಟ್ಟಿಸಿದ.

‘ನೀವು ಅವನ ಕಡೆಯವರಾ ಸಾರ್?’

ಕತ್ತಿ ಗಂಟಲಿನ ಹತ್ತಿರ ಇತ್ತು. ಅವನೇ ಕೊಂದಿದ್ದು ಅಂದುಬಿಟ್ಟೆ.